ಐಸಾಕ್ ಯಾರ ಮನೆಯವನು?

“ಎಲ್ಲಿ ನನ್ನ ಮೊಮ್ಮಗ? ಮೊದಲು ಅವನನ್ನು ನನ್ನ ಕಣ್ಣಿಗೆ ತೋರಿಸು ಭವ್ಯಾ, ಆಮೇಲೆ ನಿನ್ನ ಉಪಚಾರ!”

ಬಾಡಿಗೆ ಕಾರಿನಿಂದ ಪೂರ್ತಿ ಇಳಿಯುವ ಮೊದಲೇ ಲೊರೇನ್ ಇಂಗ್ಲಿಷಿನಲ್ಲಿ ಹೀಗೆ ಕೂಗಿದ್ದಳು. ಹೊಸನಗರದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿ ಒಂದು ಕ್ಷಣ ಸ್ತಬ್ಧವಾಯಿತು. ಎದುರಿನ ಜೆರಾಕ್ಸ್ ಅಂಗಡಿಯವನು ಹೊರಗೆ ಬಂದ. ಪಕ್ಕದ ಟೈಲರ್ ಮೆಷಿನ್ನಿನಿಂದ ಕಾಲು ತೆಗೆದ. ಎಪ್ಪತ್ತರ ಆಸುಪಾಸಿನ, ಗಂಡಸರಷ್ಟು ಎತ್ತರದ, ನೇರಳೆ ಬಣ್ಣದ ಟೋಪಿ ತೊಟ್ಟ ಕಪ್ಪು ಹೆಂಗಸೊಬ್ಬಳು ಭವ್ಯಾಳ ತಮ್ಮ ದಿನೇಶನ ಸಿಮೆಂಟು ಅಂಗಡಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರೆ ಯಾರು ತಾನೆ ಸುಮ್ಮನೆ ತಮ್ಮ ಕೆಲಸ ನೋಡಿಕೊಂಡಾರು!

ಸಾಗರದ ನರ್ಸಿಂಗ್ ಹೋಮಿಗೆ ಕೆಲಸಕ್ಕೆಂದು ಬ್ಯಾಗು ಹಿಡಿದು ಹೊರಟಿದ್ದ ಭವ್ಯಾ ಮೆಟ್ಟಿಲ ಮೇಲೇ ಕಲ್ಲಾಗಿ ನಿಂತಳು. ಅತ್ತೆ! ಅಮೆರಿಕದ ಸೇಂಟ್ ಲೂಯಿಸ್ ಬಿಟ್ಟು ಎಲ್ಲಿಗೂ ಹೋಗದ, ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದರೂ ವಿಮಾನ ಎಂದರೆ ಹೆದರುತ್ತಿದ್ದ ಅತ್ತೆ ಒಂದು ಮಾತೂ ಹೇಳದೆ ಇಲ್ಲಿಗೆ ಬಂದುಬಿಟ್ಟಿದ್ದಾಳೆ!

ಅಂಗಡಿಯ ಮೇಲಿನ ಮನೆಯಿಂದ ಭವ್ಯಾಳ ತಾಯಿ ರಂಗಮ್ಮ ಇಣುಕಿದಳು. “ಯಾರೇ ಅದು, ನಿನ್ನ ಅತ್ತೆನಾ? ಅಯ್ಯಯ್ಯೋ! ಕೈಕಾಲಿಗೆ ನೀರು ಕೊಡದು ಬಿಟ್ಟು ಬೀದೀಲಿ ನಿಲ್ಸ್ಕಂಡಿದೀಯಲ್ಲೇ!”

“ನಿನ್ನ ತಾಯಿ ಏನು ಹೇಳ್ತಿದ್ದಾರೆ?” ಲೊರೇನ್ ಕೇಳಿದಳು.

“ಒಳಗೆ ಬನ್ನಿ ಅಂತ.”

“ಬರೋದಿಲ್ಲ ಅಂತ ಹೇಳು. ಮಗುವನ್ನು ಕದ್ದವರ ಮನೆಯಲ್ಲಿ ನಾನು ನೀರು ಕೂಡ ಕುಡಿಯೋದಿಲ್ಲ ಅಂತ ಹೇಳು.”

“ಎಂತಂತೆ?” ಮೇಲಿಂದ ರಂಗಮ್ಮ.

“ಪ್ರಯಾಣ ಮಾಡಿ ಸುಸ್ತಾಗಿದೆಯಂತೆ ಅಮ್ಮಾ…” ಎಂದಳು ಭವ್ಯಾ, ಹಣೆ ಒತ್ತಿಕೊಳ್ಳುತ್ತ.

ಅಷ್ಟರಲ್ಲಿ ಅಂಗಡಿಯ ಗೋದಾಮಿನಿಂದ ಹದಿನಾಲ್ಕು ವರ್ಷದ ಐಸಾಕ್ ಓಡಿ ಬಂದ. ಹುಬ್ಬಿನ ಮೇಲೆಲ್ಲ ಸಿಮೆಂಟಿನ ಪುಡಿ. “ಗ್ರ್ಯಾನಿ!” ಎಂದವನೇ ಆ ದೊಡ್ಡ ಎದೆಯಲ್ಲಿ ಮುಖ ಹುದುಗಿಸಿ ಬಿಕ್ಕತೊಡಗಿದ. ಹತ್ತು ತಿಂಗಳಿಂದ ಈ ಮನೆಯಲ್ಲಿ ಅವನು ಅತ್ತದ್ದನ್ನು ಯಾರೂ ನೋಡಿರಲಿಲ್ಲ. ಭವ್ಯಾ ಕೂಡ.

ಭವ್ಯಾ ಶಿವಮೊಗ್ಗದಲ್ಲಿ ನರ್ಸಿಂಗ್ ಓದಿ, ಪರೀಕ್ಷೆಗಳನ್ನೆಲ್ಲ ದಾಟಿ ಸೇಂಟ್ ಲೂಯಿಸಿನ ಆಸ್ಪತ್ರೆಯೊಂದಕ್ಕೆ ಹೋದವಳು. ಅಲ್ಲಿನ ಎಕ್ಸ್‌ರೇ ವಿಭಾಗದಲ್ಲಿದ್ದ ರೇಮಂಡ್‌ನನ್ನು ಮೆಚ್ಚಿ ಮದುವೆಯಾದಳು. ಅಳಿಯ ಕಪ್ಪು ಜನಾಂಗದವನೆಂದು ತಿಳಿದಾಗ ತಂದೆ ದುಗ್ಗಪ್ಪ ಮಾತು ಬಿಟ್ಟ. ಮಗ ಹುಟ್ಟಿದಾಗ, “ನಿನ್ನ ಅಪ್ಪನ ಹೆಸರೂ ಇರಲಿ” ಎಂದು ರೇಮಂಡನೇ ಹಟ ಹಿಡಿದು ಐಸಾಕ್ ದುಗ್ಗಪ್ಪ ಎಂದು ಬರೆಸಿದ. ಆ ಹೆಸರು ಕೇಳಿ ಫೋನಿನಲ್ಲಿ ಗೊಳೋ ಎಂದು ಅತ್ತ ಮುದುಕ ಮೊಮ್ಮಗನ ಮುಖ ನೋಡದೆಯೇ ಕಣ್ಣು ಮುಚ್ಚಿದ. ರಂಗಮ್ಮ ಮಾತ್ರ ಹುಡುಗನನ್ನು ಇವತ್ತಿಗೂ ‘ದುಗ್ಗ’ ಎಂದೇ ಕರೆಯುತ್ತಾಳೆ.

ರೇಮಂಡ್ ಒಳ್ಳೆಯವನು. ಆದರೆ ಅವನ ಜೊತೆ ಬದುಕುವುದೆಂದರೆ ಅವನ ಎಚ್ಚರಿಕೆಗಳ ಜೊತೆ ಬದುಕುವುದು ಎಂದು ಭವ್ಯಾಳಿಗೆ ಮದುವೆಗೆ ಮೊದಲು ಯಾರು ಹೇಳಿದ್ದರು? ಅಂಗಡಿಯಿಂದ ಹೊರಗೆ ಬರುವಾಗ, ಕಳ್ಳನೆಂದು ಯಾರಾದರೂ ತಡೆದಾರೆಂದು, ರಸೀದಿಯನ್ನು ಎಲ್ಲರಿಗೂ ಕಾಣುವಂತೆ ಕೈಯಲ್ಲಿ ಹಿಡಿದಿರುತ್ತಿದ್ದ. ಬಿಳಿಯರೇ ಹೆಚ್ಚಾಗಿದ್ದ ಬಡಾವಣೆಗೆ ಮನೆ ಬದಲಾಯಿಸಿದ ಮೇಲಂತೂ, ಕೂಸನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಳ್ಳದೆ ಸಂಜೆ ವಾಕಿಂಗಿಗೆ ಹೊರಡುತ್ತಲೇ ಇರಲಿಲ್ಲ. “ಗಾಡಿಯಲ್ಲಿ ಮಗು ಇದ್ದರೆ ನಾನು ಅಪ್ಪ. ಇಲ್ಲದಿದ್ದರೆ ನಾನು ಯಾರೋ,” ಎನ್ನುತ್ತಿದ್ದ ನಗುತ್ತಲೇ. ಮಗ ಗಾಡಿಯಲ್ಲಿ ಹಿಡಿಸದಷ್ಟು ಬೆಳೆದ ಮೇಲೆ ಅವನು ವಾಕಿಂಗನ್ನೇ ಬಿಟ್ಟ. ಮೂರು ವರ್ಷದ ಹಿಂದೆ ಎದೆ ನೋವೆಂದು ಮನೆ ಹತ್ತಿರದ ಬೇರೊಂದು ಆಸ್ಪತ್ರೆಯ ತುರ್ತು ಚಿಕಿತ್ಸೆಗೆ ಹೋದವನನ್ನು, ಗಾಬರಿಯಾಗಿದ್ದೀಯ ಅಷ್ಟೇ, ಕಾಯುತ್ತಿರು ಎಂದು ಕುರ್ಚಿಯಲ್ಲಿ ಕೂರಿಸಿದ್ದರು. ಅವನ ನಂತರ ಬಂದ ಬಿಳಿಯನೊಬ್ಬನನ್ನು ಒಳಗೆ ಕರೆದಿದ್ದರು. ಭವ್ಯಾ ತನ್ನ ಆಸ್ಪತ್ರೆಯಿಂದ ಓಡಿ ಬರುವಷ್ಟರಲ್ಲಿ ರೇಮಂಡ್ ಆ ಕುರ್ಚಿಯಲ್ಲೇ… ಅಯ್ಯೋ, ರೋಗಿಯ ಮುಖ ನೋಡಿಯೇ ಹೃದಯಾಘಾತವನ್ನು ಗುರುತಿಸಬಲ್ಲವಳು ಗಂಡನ ಬಳಿ ಇರಲಿಲ್ಲ!

ಇನ್ನು ಉಳಿದವನು ಮಗ. ಹದಿಮೂರು ತುಂಬುವಷ್ಟರಲ್ಲಿ ಅವನು ತಂದೆಯಂತೆ ಎತ್ತರವಾದ. ಮೊನ್ನೆಯವರೆಗೂ ಕೆನ್ನೆ ಹಿಂಡಿ ಚಾಕೊಲೇಟು ಕೊಡುತ್ತಿದ್ದವರು ಈಗ ಅವನು ಎದುರು ಬಂದರೆ ರಸ್ತೆ ದಾಟುತ್ತಿದ್ದರು. ಒಂದು ಸಂಜೆ ಕೆಲಸ ಮುಗಿಸಿ ಬಂದ ಭವ್ಯಾ ಕಂಡದ್ದೇನು? ತನ್ನದೇ ಮನೆಯ ಮುಂದಿನ ಹುಲ್ಲಿನ ಮೇಲೆ ಮಗ ಬೋರಲಾಗಿ ಮಲಗಿದ್ದಾನೆ. ಬೆನ್ನ ಹಿಂದೆ ಕೈ. ಮೇಲೆ ಪೊಲೀಸನೊಬ್ಬನ ಮಂಡಿ! ಬೀಗದ ಕೈ ಮರೆತು ಮೆಟ್ಟಿಲ ಮೇಲೆ ಕೂತಿದ್ದನಂತೆ. ಯಾರೋ ಕಳ್ಳನೆಂದು ಫೋನು ಮಾಡಿದ್ದರಂತೆ. ತಪ್ಪು ತಿಳಿವಳಿಕೆ ಎಂದು ಹೇಳಿ ಅವರು ಹೊರಟುಹೋದರು. ಫೋನು ಮಾಡಿದವನು ಯಾರು ಎಂಬುದು ಮರುದಿನ ತಿಳಿಯಿತು. ಬಿಳಿಯನಲ್ಲ. ಮೂರು ಮನೆ ಆಚೆಯ ರಾಘವೇಂದ್ರ. ಗಣಪತಿ ಹಬ್ಬಕ್ಕೆ ಕರೆದು ಅದೇ ಹುಡುಗನಿಗೆ ತನ್ನ ಕೈಯಾರೆ ಕಡುಬು ಬಡಿಸಿದ್ದ ಕನ್ನಡದವನು! “ಗುರುತು ಸಿಗ್ಲಿಲ್ಲ ಸಿಸ್ಟರ್, ಕತ್ತಲಾಗ್ತಿತ್ತು, ತಲೆ ಮೇಲೆ ಟೋಪಿ ಬೇರೆ ಎಳ್ಕೊಂಡಿದ್ದ… ಈ ಏರಿಯಾದಲ್ಲಿ ಹುಷಾರಾಗಿರಬೇಕಲ್ವಾ?” ಎಂದಿದ್ದ ಅವನು, ತಪ್ಪು ಒಪ್ಪಿಕೊಳ್ಳುವ ದನಿಯಲ್ಲೂ ಅಲ್ಲ, ಬುದ್ಧಿ ಹೇಳುವ ದನಿಯಲ್ಲಿ!

ಅಲ್ಲಿನ ಬೇಸಿಗೆ ರಜೆಯಲ್ಲಿ ಭವ್ಯಾ ಮಗನನ್ನು ಕರೆದುಕೊಂಡು ಊರಿಗೆ ಬಂದಳು. ಅತ್ತೆಗೆ ಬೇಸಿಗೆ ಮುಗಿಸಿ ಬರುತ್ತೇವೆ ಎಂದಳು. ಬೇಸಿಗೆ ಮುಗಿಯಿತು. ಐಸಾಕ್ ಹೊಸನಗರದ ಶಾಲೆ ಸೇರಿದ. ಇಲ್ಲಿ ಯಾರೂ ಬಂದೂಕು ಹಿಡಿದು ಓಡಾಡುವುದಿಲ್ಲ, ಅಷ್ಟು ಸಾಕು ಎಂದುಕೊಂಡಿದ್ದಳು ಭವ್ಯಾ.

ಆದರೆ ಅಷ್ಟು ಸಾಕಾಗಲಿಲ್ಲ. ಶಾಲೆಯಲ್ಲಿ ಅವನಿಗೆ ‘ವೆಸ್ಟ್ ಇಂಡೀಸ್’ ಎಂದು ಹೆಸರು ಬಿತ್ತು. ಸಾಗರದ ಬಸ್ಸಿನಲ್ಲಿ ಅವನ ಪಕ್ಕದ ಸೀಟು ಖಾಲಿ ಇದ್ದರೂ ಜನ ನಿಂತೇ ಹೋಗುತ್ತಿದ್ದರು. ಗುರುತೇ ಇಲ್ಲದ ಹೆಂಗಸರು ಅವನ ಗುಂಗುರು ಕೂದಲನ್ನು ಮುಟ್ಟಿ ನೋಡಿ, “ಇದ್ರೊಳಗೆ ನೀರು ಇಳೀತದಾ?” ಎಂದು ಕೇಳುತ್ತಿದ್ದರು. ದಿನೇಶನ ಹೆಂಡತಿ ನಾಗವೇಣಿ ಹಬ್ಬದ ದಿನ ಅವನ ಮುಖಕ್ಕೆ ಪೌಡರು ಬಳಿದಳು. ಸಾಕ್ಷಾತ್ ಅಜ್ಜಿ ರಂಗಮ್ಮ, ಪ್ರಾಣವನ್ನೇ ಅವನ ಮೇಲಿಟ್ಟ ರಂಗಮ್ಮ, ಪ್ರತಿ ಭಾನುವಾರ ಕಡಲೆಹಿಟ್ಟು ಅರಿಶಿನ ಕಲಸಿ ಅವನ ಬೆನ್ನು ತಿಕ್ಕುತ್ತ, “ಬಿಸಿಲಿಗೆ ಹೋಗ್ಬ್ಯಾಡ ಮಗಾ, ಬಣ್ಣ ತಿಳಿ ಆಗ್ತದೆ, ಇನ್ನೂ ಸಣ್ಣ ವಯಸ್ಸು,” ಎನ್ನುತ್ತಿದ್ದಳು. ಎಷ್ಟು ಸಲ ಹೇಳುವುದು? ಯಾರು ಯಾರಿಗೆ ಹೇಳುವುದು? ಭವ್ಯಾ ಮೊದಮೊದಲು ಜಗಳವಾಡಿದಳು. ಆಮೇಲೆ ವಿವರಿಸಿದಳು. ಕೊನೆಗೆ ಬೇಸತ್ತು, ಅವನಿಗೆ ಕನ್ನಡ ಎಲ್ಲಿ ಅಷ್ಟು ತಿಳಿಯುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಏಕೆಂದರೆ ಹುಡುಗ ಏನೂ ಹೇಳುತ್ತಿರಲಿಲ್ಲ. ಶಾಲೆ ಬಿಟ್ಟರೆ ಮಾವನ ಗೋದಾಮು. ಅಲ್ಲಿ ಮೂಟೆಗಳ ನಡುವೆ ಕೂತು ಇಯರ್‌ಫೋನು ಹಾಕಿಕೊಂಡು ಹಾಡು ಕೇಳುತ್ತಿದ್ದ.

ಲೊರೇನ್ ಮನೆಯೊಳಗೆ ಬಂದಳು, ಮೊಮ್ಮಗ ಕೈ ಹಿಡಿದು ಎಳೆದದ್ದಕ್ಕೆ. ಒಂದು ವಾರ ಇದ್ದು ಅವನನ್ನು ಕರೆದುಕೊಂಡು ಹೋಗುವವಳು ಅವಳು. ಬಿಡದಿರುವವಳು ರಂಗಮ್ಮ. ನಡುವೆ ಸಿಕ್ಕಿಕೊಂಡವಳು ಭವ್ಯಾ.

“ಈ ಹುಡುಗ ಇಷ್ಟು ಸೊರಗಿದ್ದಾನಲ್ಲ, ಇವನಿಗೆ ತಿನ್ನೋಕೆ ಏನು ಕೊಡ್ತಾರೆ ಅಂತ ನಿನ್ನ ತಾಯಿಯನ್ನು ಕೇಳು.”

“ಅಮ್ಮಾ, ಊಟ ಚೆನ್ನಾಗಿದೆಯಂತೆ.”

“ಎರಡು ತುತ್ತು ತಿಂದು ಎದ್ಲಲ್ಲೇ ಮಾರಾಯ್ತಿ! ಅಷ್ಟು ದೊಡ್ಡ ಜೀವಕ್ಕೆ ಅದು ಎಲ್ಲಿ ಸಾಲ್ತದೆ ಅಂತ ಕೇಳು.”

“ನಿಮ್ಮ ಟೋಪಿ ಚೆನ್ನಾಗಿದೆ ಅಂತಿದ್ದಾರೆ ಅಮ್ಮ.”

ಹೀಗೆ ಬೆಳಗಿನಿಂದ ಸಂಜೆಯವರೆಗೆ ಎರಡೂ ಕಡೆಯ ಮಾತಿನ ಮುಳ್ಳು ಕಿತ್ತು ಕಿತ್ತು ಭವ್ಯಾಳ ನಾಲಿಗೆಯೇ ಸೋತುಹೋಯಿತು. ನಾಗವೇಣಿಯ ಕಾಟ ಬೇರೆ. “ಅಕ್ಕಾ, ಅವರಿಗೆ ಜಗಲಿ ಮೇಲೆ ಕೂರದು ಬ್ಯಾಡ ಅನ್ನಿ. ಶಾಲೆ ಮಕ್ಕಳೆಲ್ಲ ನಿಂತ್ಕಂಡು ಫೋಟೋ ತೆಗೀತಾವೆ.” ದಿನೇಶ ಕೆಟ್ಟವನಲ್ಲ. ಐಸಾಕನಿಗೆ ಸೈಕಲ್ಲು ಕೊಡಿಸಿದ್ದ, ಗೋದಾಮಿನ ಕೀಲಿಯನ್ನೇ ಅವನ ಕೈಗೆ ಕೊಟ್ಟಿದ್ದ. ಆದರೆ ಗಿರಾಕಿಗಳು ಕೇಳಿದರೆ, “ಅಮೆರಿಕದ ಹುಡುಗ, ನಮ್ಮಲ್ಲಿ ಇದ್ಕಂಡು ಓದ್ತಾನೆ,” ಎನ್ನುತ್ತಿದ್ದನೇ ಹೊರತು ಅಕ್ಕನ ಮಗ ಎಂಬ ಮಾತು ಅವನ ಬಾಯಿಂದ ಹೊರಡುತ್ತಿರಲಿಲ್ಲ.

ಆ ವಾರದ ಕೊನೆಯಲ್ಲೇ ತೀರ್ಥಹಳ್ಳಿಯಲ್ಲಿ ನಾಗವೇಣಿಯ ತಮ್ಮನ ಮದುವೆ. ಬೆಳಿಗ್ಗೆ ಬಾಗಿಲಿಗೆ ವ್ಯಾನು ಬಂದು ನಿಂತಿತ್ತು. ಲೊರೇನ್ ಹಳದಿ ಉಡುಪು ತೊಟ್ಟು, ಅದಕ್ಕೊಪ್ಪುವ ಟೋಪಿ ಇಟ್ಟು, ವಧುವಿಗೆಂದು ತಂದ ಉಡುಗೊರೆಗೆ ರಿಬ್ಬನ್ನು ಕಟ್ಟಿ ಎಲ್ಲರಿಗಿಂತ ಮೊದಲು ತಯಾರಾಗಿ ಕೂತಿದ್ದಳು. ಹೊರಟುನಿಂತ ನಾಗವೇಣಿ ಭವ್ಯಾಳನ್ನು ಅಡುಗೆಮನೆಯ ಬಾಗಿಲಿಗೆ ಕರೆದಳು. ಹಾಲ್‌ನಲ್ಲಿದ್ದವರಿಗೆಲ್ಲ ಕೇಳುವಂತಿತ್ತು ಅವಳ ಪಿಸುಮಾತು.

“ಅಕ್ಕಾ, ತಪ್ಪು ತಿಳ್ಕಬ್ಯಾಡಿ. ನೀವು ಬನ್ನಿ, ಅಮ್ಮ ಬರ್ಲಿ. ಇವರಿಬ್ರು ಮನೇಲೇ ಇರ್ಲಿ. ಹೆಣ್ಣಿನ ಕಡೆಯವ್ರು ಹೊಸಬ್ರು, ಸಾವಿರ ಕೇಳ್ತಾರೆ. ಇವ್ನು ಒಬ್ನೇ ಆದ್ರೆ ಹೆಂಗೋ ಆಗಿತ್ತು, ಈಗ ಇಬ್ರು! ಫೋಟೋ, ವಿಡಿಯೋ ಎಲ್ಲಾ ಇರ್ತದೆ… ಹುಡುಗಂಗೆ ಜ್ವರ ಅಂದ್ರಾತು.”

“ದಿನೇಶಾ, ನೀನೂ ಇದಕ್ಕೆ ಒಪ್ಪಿದ್ಯಾ?” ಭವ್ಯಾ ತಮ್ಮನ ಕಡೆ ತಿರುಗಿದಳು.

ದಿನೇಶ ವಾಚು ಕಟ್ಟಿಕೊಳ್ಳುವುದರಲ್ಲೇ ಮಗ್ನನಾದ. “ಒಂದು ದಿನದ ಮಾತು ಅಕ್ಕ. ಸುಮ್ನೆ ದೊಡ್ಡದು ಮಾಡ್ಬ್ಯಾಡ.”

“ಅಪ್ಪ ಗೇಣಿ ಕೊಡೋಕೆ ಹೋದಾಗ ಒಡೇರ ಮನೆಯವ್ರು ಅಂಗಳದಲ್ಲೇ ನಿಲ್ಸಿ, ದೂರದಿಂದ ಎಲೆ ಅಡಿಕೆ ಎಸೀತಿದ್ರು ಅಂತ ಹೇಳ್ತಿದ್ದದ್ದು ನಿಂಗೆ ಮರ್ತೋಯ್ತಾ?”

“ಮರೀಲಿಲ್ಲ!” ದಿನೇಶ ಗಕ್ಕನೆ ತಲೆಯೆತ್ತಿದ. “ಮರೀದೇ ಇರೋದಕ್ಕೇ ಹೇಳ್ತಿದೀನಿ! ಆ ಅಂಗಳದಿಂದ ಈ ಮೆಟ್ಲು ಹತ್ತಿ ಬರೋಕೆ ನಮಗೆ ಎಷ್ಟು ವರ್ಷ ಬೇಕಾತು? ಈಗಷ್ಟೇ ನಾಕು ಜನ ನಮ್ಮನ್ನ ಕರ್ದು ಕುರ್ಚಿ ಕೊಡ್ತಿದಾರೆ. ಮತ್ತೆ ಜನ ನಮ್ಮ ಕಡೆ ಬೆರಳು ತೋರ್ಸಿ ಮಾತಾಡಂಗೆ ಆಗದು ಬ್ಯಾಡ ನಂಗೆ!”

“ಏನಾಯಿತು? ಯಾಕೆ ಎಲ್ಲರೂ ಕೂಗಾಡ್ತಿದ್ದೀರಿ?” ಲೊರೇನ್ ಉಡುಗೊರೆ ಹಿಡಿದು ಎದ್ದು ನಿಂತಳು.

ಭವ್ಯಾ ಅತ್ತೆಯ ಬಳಿ ಬಂದಳು. “ವ್ಯಾನಿನಲ್ಲಿ ಜಾಗ ಸಾಲದಂತೆ ಅತ್ತೆ… ನೆಂಟರು ಜಾಸ್ತಿ…”

“ಅದಲ್ಲ ಗ್ರ್ಯಾನಿ,” ಎಂದ ಐಸಾಕ್.

ಮೂಲೆಯ ಸ್ಟೂಲಿನ ಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕೂತಿದ್ದ ಅವನು ಎದ್ದು ಬಂದು ಅಜ್ಜಿಯ ಪಕ್ಕ ನಿಂತ. “ಜಾಗ ಇದೆ. ನಾವಿಬ್ಬರೂ ಕಪ್ಪಗಿದ್ದೇವಲ್ಲ, ಹೆಣ್ಣಿನ ಮನೆಯವರ ಮುಂದೆ ಅವರಿಗೆ ನಾಚಿಕೆಯಾಗುತ್ತದಂತೆ. ನನಗೆ ಜ್ವರ ಎಂದು ಹೇಳುತ್ತಾರಂತೆ.” ಇಂಗ್ಲಿಷಿನಲ್ಲಿ ಇಷ್ಟು ಹೇಳಿದವನು ಮಾವನ ಕಡೆ ತಿರುಗಿದ. ಆಮೇಲೆ ಅವನ ಬಾಯಿಂದ ಬಂದದ್ದು ಅಚ್ಚ ಹೊಸನಗರದ ಕನ್ನಡ. “ಮಾವ, ನಂಗೆ ಎಲ್ಲಾ ಅರ್ಥ ಆಗ್ತದೆ. ಮೊದ್ಲಿಂದ್ಲೂ ಆಗ್ತದೆ. ಯುಗಾದಿಗೂ ಜ್ವರ ಅಂತ ಹೇಳಿದ್ರಿ, ಅವತ್ತೂ ನಂಗೆ ಜ್ವರ ಇರ್ಲಿಲ್ಲ. ಅಂಗ್ಡಿಗೆ ಬಂದವ್ರು ‘ಯಾರೋ ಈ ಕರಿಯ’ ಅಂದಾಗ ನೀವೂ ನಕ್ರಲ್ಲ, ನಾನು ಮೂಟೆ ಹಿಂದೇನೇ ಇದ್ದೆ.”

ದಿನೇಶ ಬಾಗಿಲ ಕಡೆ ಮುಖ ತಿರುಗಿಸಿದ. ಭವ್ಯಾ ಗೋಡೆಗೆ ಒರಗಿದಳು. ಹತ್ತು ತಿಂಗಳು! ಹತ್ತು ತಿಂಗಳಿನ ಒಂದೊಂದು ಮಾತೂ ಈ ಮಗುವಿನ ಕಿವಿಗೆ ಬಿದ್ದಿತ್ತೇ? ಅದನ್ನು ಕೇಳಲಾರದೇ ಕಿವಿಗೆ ಇಯರ್‌ಫೋನು ತುರುಕಿಕೊಂಡು ಕೂರುತ್ತಿದ್ದನೇ?

“ದುಗ್ಗಾ… ಬಾ ಮಗಾ, ಅವ್ರ ಮಾತು ಬಿಡು, ನಾನಿದೀನಿ ನಿಂಗೆ,” ಎಂದು ರಂಗಮ್ಮ ಕೈ ಚಾಚಿದಳು.

ಹುಡುಗ ಅಲ್ಲೇ ನಿಂತ. “ಅಜ್ಜೀ, ನೀನು ಒಳ್ಳೇವ್ಳು. ಆದ್ರೆ ಭಾನುವಾರ ಆ ಹಿಟ್ಟು ಹಾಕಿ ತಿಕ್ತೀಯಲ್ಲ… ತಿಳಿ ಆಗ್ತದೆ ಅಂತೀಯಲ್ಲ… ನಮ್ಮಪ್ಪ ನನ್ನ ಹಂಗೇ ಇದ್ದ ಅಜ್ಜಿ. ಅವನ ಬಣ್ಣ ಹೋಗ್ಲಿ ಅಂತ ತಿಕ್ತೀಯ ನೀನು.”

ಚಾಚಿದ ಕೈ ಹಾಗೇ ನಿಂತಿತು. ರಂಗಮ್ಮ ರೇಷ್ಮೆ ಸೀರೆಯಲ್ಲೇ ನೆಲದ ಮೇಲೆ ಕುಸಿದು ಕೂತುಬಿಟ್ಟಳು.

ಕೆಳಗೆ ವ್ಯಾನಿನ ಹಾರ್ನು ಕೂಗುತ್ತಲೇ ಇತ್ತು. ನಾಗವೇಣಿ ಸೆರಗಿನಿಂದ ಮೂಗೊರೆಸಿಕೊಂಡು, “ನಂದೆಂತ ಇದೆ ಅದ್ರಲ್ಲಿ, ಜನ ಕೇಳ್ತಾರೆ ಅಂತ ಹೇಳ್ದೆ ಅಷ್ಟೇಯ…” ಎನ್ನುತ್ತ ಇಳಿದು ಹೋದಳು. ದಿನೇಶ ಒಂದು ಗಳಿಗೆ ಬಾಗಿಲಲ್ಲಿ ನಿಂತ. ಆಮೇಲೆ ಅವನೂ ಹೋದ. ರಂಗಮ್ಮ ಮಾತ್ರ ಏಳಲಿಲ್ಲ.

ವ್ಯಾನಿನ ಸದ್ದು ಮರೆಯಾದ ಮೇಲೆ ಭವ್ಯಾ ಅತ್ತೆಯ ಮೇಲೆ ಹರಿಹಾಯ್ದಳು. ಯಾರ ಮೇಲಾದರೂ ಹರಿಹಾಯಲೇಬೇಕಿತ್ತು ಅವಳಿಗೆ. “ಈಗ ಸಮಾಧಾನವಾಯಿತೇ? ಕರೆದುಕೊಂಡು ಹೋಗಿ! ಅಲ್ಲಿ ಹುಲ್ಲಿನ ಮೇಲೆ ಅವನ ಬೆನ್ನ ಮೇಲಿದ್ದ ಮಂಡಿಯನ್ನು ನೋಡಿದವಳು ನಾನು! ಮುಂದಿನ ಸಲ ಮಂಡಿಯಲ್ಲ, ಗುಂಡು! ಇಲ್ಲಿ ಬೈತಾರೆ, ನಗ್ತಾರೆ, ಮುಚ್ಚಿಡ್ತಾರೆ. ಆದರೆ ಜೀವ ಇರುತ್ತೆ ಅತ್ತೆ, ಜೀವ!”

ಲೊರೇನ್ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡಳು. ಟೋಪಿಯಿಲ್ಲದ ಅವಳ ತಲೆ ಪೂರ್ತಿ ನರೆತಿತ್ತು.

“ಭಯದ ಬಗ್ಗೆ ನೀನು ನನಗೆ ಹೇಳ್ತೀಯಾ ಭವ್ಯಾ? ರೇಮಂಡ್ ಮನೆಗೆ ಬಂದು ಬಾಗಿಲು ಹಾಕೋವರೆಗೆ ನಾನು ಒಂದು ದಿನವೂ ಮಲಗಿದವಳಲ್ಲ. ಆದರೆ ನನ್ನ ಬೀದಿಯಲ್ಲಿ ಅವನು ಯಾರು ಅಂತ ಯಾರೂ ಕೇಳ್ತಿರಲಿಲ್ಲ. ಲೊರೇನ್ ಮಗ. ಅಷ್ಟೇ. ಮೂಲೆ ಮನೆಯ ಮುದುಕಿ ಕೂಡ ಅವನನ್ನು ಬೈದು ಊಟಕ್ಕೆ ಕೂರಿಸ್ತಿದ್ದಳು. ನಿನಗೆ ಆ ಬೀದಿ ಸೇರಲಿಲ್ಲ. ಅಲ್ಲಿ ಗಲಾಟೆ ಅಂದೆ, ಶಾಲೆ ಚೆನ್ನಾಗಿಲ್ಲ ಅಂದೆ, ‘ಅಂಥವರ’ ನಡುವೆ ಮಗು ಬೆಳೆಯೋದು ಬೇಡ ಅಂದೆ. ಹೌದು, ನನಗೆ ಕೇಳಿಸ್ತು! ನನ್ನ ಅಡುಗೆಮನೆಯಲ್ಲೇ ನಿಂತು ರೇಮಂಡನಿಗೆ ಹೇಳ್ತಿದ್ದೆ. ನಮ್ಮಿಂದ ದೂರ, ಬಿಳಿಯರ ಹತ್ತಿರ, ನಿಮ್ಮವರ ಹತ್ತಿರ ಮನೆ ಮಾಡಿದೆ. ಅಲ್ಲಿ ಪೊಲೀಸರನ್ನು ಕರೆದವನು ಯಾರು? ನಿಮ್ಮವನು!”

“ಅತ್ತೆ, ಸಾಕು…”

“ಸಾಕಾಗಿಲ್ಲ. ಭಾನುವಾರ ನಮ್ಮ ಚರ್ಚಿನಲ್ಲಿ ಮುನ್ನೂರು ಜನ ಇವನ ಮುಖದವರೇ ಇವನನ್ನು ತಬ್ಬಿಕೊಳ್ತಾರೆ. ಇಲ್ಲಿ ಇವನು ಕನ್ನಡಿ ಬಿಟ್ಟು ಬೇರೆ ಎಲ್ಲಿ ನೋಡಬೇಕು ತನ್ನಂಥ ಮುಖ? ಅಲ್ಲಿ ಅಪಾಯ ಇಲ್ಲ ಅಂತ ನಾನು ಹೇಳ್ತಿಲ್ಲ. ಇದೆ. ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?” ಲೊರೇನ್ ಮಡಿಲಿನ ಟೋಪಿಯನ್ನು ಹಿಂಡಿದಳು. “ಒಬ್ಬ ಮಗನನ್ನು ಕುರ್ಚಿಯ ಮೇಲೆ ಕಳಕೊಂಡೆ. ಇರೋ ಒಬ್ಬನನ್ನು ನೀನು ಮೂಟೆಗಳ ಹಿಂದೆ ಬಚ್ಚಿಟ್ಟಿದ್ದೀಯ.”

“ಎಂತಂತೆ?” ನೆಲದ ಮೇಲೆ ಕೂತಲ್ಲಿಂದಲೇ ರಂಗಮ್ಮ ಕೇಳಿದಳು. “ಸರಿಯಾಗಿ ಹೇಳು ಭವ್ಯಾ. ಅವ್ಳ ಕಣ್ಣು ನೋಡ್ತಿದೀನಿ ನಾನು. ಇಷ್ಟು ದಿನ ನೀ ಹೇಳಿದ್ದು ಯಾವ್ದೂ ಅಲ್ಲ ಅವಳು ಹೇಳಿದ್ದು.”

ಭವ್ಯಾ ಹೇಳಿದಳು. ಒಂದು ಮಾತನ್ನೂ ಬಿಡಲಿಲ್ಲ, ತನ್ನನ್ನು ಅಂದ ಮಾತನ್ನು ಕೂಡ. ಹೇಳುತ್ತ ಹೇಳುತ್ತ ಮೊದಲ ಬಾರಿ ಬಿಕ್ಕಿ ಬಿಕ್ಕಿ ಅತ್ತಳು. ಕೇಳಿಸಿಕೊಂಡ ರಂಗಮ್ಮ ಹುಡುಗನನ್ನು ನೋಡಿದಳು.

“ದುಗ್ಗಾ, ನಿಂಗೆ ಎಲ್ಲಿರ್ಬೇಕು ಅನ್ಸ್ತದೆ? ನಮ್ಮ ಮುಖ ನೋಡ್ಬ್ಯಾಡ. ನಿಜ ಹೇಳು.”

ಐಸಾಕ್ ಉಗುರು ಕಚ್ಚುತ್ತ ತುಂಬಾ ಯೋಚಿಸಿದ. “ಅಲ್ಲಿ ಮನೆಯಿಂದ ಹೊರಗೆ ಹೋದ್ರೆ ಹೆದ್ರಿಕೆ ಅಜ್ಜಿ. ಇಲ್ಲಿ ಮನೆ ಒಳಗೇ ಹೆಂಗಿರ್ಬೇಕು ಗೊತ್ತಾಗಲ್ಲ.” ಆಮೇಲೆ ಮೆಲ್ಲಗೆ, “ನಾನು ಗ್ರ್ಯಾನಿ ಜೊತೆ ಹೋಗ್ತೀನಿ,” ಎಂದ.

ಭವ್ಯಾಳಿಗೆ ಎರಡು ದಾರಿಯಿತ್ತು. ಮಗನನ್ನು ಕಳಿಸಿ ತಾನು ಉಳಿಯಬಹುದಿತ್ತು. ಸಾಗರದ ಕೆಲಸ ಕೈಯಲ್ಲಿತ್ತು, ವಯಸ್ಸಾದ ತಾಯಿಗೆ ಮಗಳು ಬೇಕಿತ್ತು, ಆ ದೇಶದ ಹೆಸರು ಕೇಳಿದರೆ ಅವಳಿಗೆ ಮೈ ಉರಿಯುತ್ತಿತ್ತು. ಅವಳು ಎದ್ದು ಮುಖ ತೊಳೆದು ಬಂದು ಅತ್ತೆಯ ಮುಂದೆ ನಿಂತಳು.

“ನಿಮ್ಮ ಮನೆಯಲ್ಲಿ ನನಗೆ ಜಾಗ ಇದೆಯಾ? ಆ ಬೀದಿಯಲ್ಲೇ?”

ಲೊರೇನ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ರೇಮಂಡನ ಕೋಣೆ ಸಣ್ಣದು. ಕಪಾಟಿನ ಬಾಗಿಲು ಹಾಕಿಕೊಳ್ಳೋದಿಲ್ಲ. ಅದರ ಬಗ್ಗೆ ಗೊಣಗೋದಾದರೆ ಈಗಲೇ ಗೊಣಗಿ ಮುಗಿಸು.”

ಟಿಕೆಟ್ಟು ಬದಲಿಸಿ, ಶಾಲೆಯ ಕಾಗದಪತ್ರ ಮುಗಿಸುವಷ್ಟರಲ್ಲಿ ಇನ್ನೂ ಕೆಲವು ದಿನಗಳು ಕಳೆದವು. ರಂಗಮ್ಮ ಹಿಟ್ಟಿನ ಡಬ್ಬಿ ಮುಟ್ಟಲಿಲ್ಲ. ಒಂದು ಮಧ್ಯಾಹ್ನ ಲೊರೇನ್ ಜಗಲಿಯ ಮೆಟ್ಟಿಲ ಮೇಲೆ ಕೂತು, ಐಸಾಕನನ್ನು ಕೆಳಗಿನ ಮೆಟ್ಟಿಲಲ್ಲಿ ಕೂರಿಸಿಕೊಂಡು ಅವನ ಕೂದಲು ಬಿಡಿಸಿ ಸಣ್ಣ ಸಣ್ಣ ಜಡೆ ಹೆಣೆಯುತ್ತಿದ್ದಾಗ ರಂಗಮ್ಮ ತೆಂಗಿನೆಣ್ಣೆಯ ಬಟ್ಟಲು ಹಿಡಿದು ಬಂದು ಪಕ್ಕದಲ್ಲಿ ಕೂತಳು. ಬೈತಲೆ ತೆಗೆಯುವುದನ್ನು ನೋಡಿ ತಾನೂ ಒಂದು ಜಡೆ ಹೆಣೆದಳು. “ಅಯ್ಯೋ ಅಜ್ಜಿ, ಜಗ್ಬ್ಯಾಡ!” ಎಂದು ಹುಡುಗ ಚೀರಿದ. ಲೊರೇನ್ ಅವಳ ಕೈಯ ಮೇಲೆ ಕೈಯಿಟ್ಟು ಎಷ್ಟು ಬಿಗಿ ಸಾಕು ಎಂದು ತೋರಿಸಿಕೊಟ್ಟಳು. ಆ ದಿನ ಅವರ ನಡುವೆ ಮಾತು ಮುಟ್ಟಿಸಲು ಭವ್ಯಾ ಬೇಕಾಗಲಿಲ್ಲ. ಎದುರಿನ ಜೆರಾಕ್ಸ್ ಅಂಗಡಿಯವನು ಮೊಬೈಲು ಎತ್ತಿದ್ದನ್ನು ಕಂಡು ರಂಗಮ್ಮ, “ನಿನ್ನ ಮನೇಲಿ ಯಾರಿಗೂ ತಲೆ ಬಾಚಲ್ವೇನಾ?” ಎಂದು ಬೀದಿಯೆಲ್ಲ ಕೇಳುವಂತೆ ಗದರಿದಳು.

ಹೊರಡುವ ದಿನ ನಾಗವೇಣಿ ಉಪ್ಪಿನಕಾಯಿ ಭರಣಿಗೆ ಪ್ಲಾಸ್ಟಿಕ್ಕು ಸುತ್ತಿ ಸುತ್ತಿ ಕೊಟ್ಟಳು. ಕ್ಷಮೆ ಕೇಳಲಿಲ್ಲ. ಶಿವಮೊಗ್ಗದ ರೈಲು ನಿಲ್ದಾಣಕ್ಕೆ ಕಾರಿನಲ್ಲಿ ತಾನೇ ಬಿಡುತ್ತೇನೆಂದು ದಿನೇಶ ಹೇಳಿದ. ಮದುವೆಯ ದಿನದಿಂದ ಅವನು ಹುಡುಗನ ಮುಖ ನೇರವಾಗಿ ನೋಡಿರಲಿಲ್ಲ. ರಂಗಮ್ಮ ಮೊಮ್ಮಗನ ಎರಡೂ ಕೆನ್ನೆ ಹಿಡಿದು ಹಣೆಗೆ ಹಣೆ ಒತ್ತಿದಳು.

ಕಾರು ರಿಪ್ಪನ್‌ಪೇಟೆ ದಾಟಿತು. ಮುಂದಿನ ಸೀಟಿನಲ್ಲಿದ್ದ ಲೊರೇನ್ ಹಿಂದಕ್ಕೆ ತಿರುಗಿ ಐಸಾಕನಿಗೆ ಏನೋ ಕೇಳತೊಡಗಿದಳು. ಹುಡುಗ ಪಾಠ ಒಪ್ಪಿಸುವಂತೆ ಒಂದೇ ದನಿಯಲ್ಲಿ ಉತ್ತರಿಸುತ್ತಿದ್ದ. ತಪ್ಪಿದರೆ ಅವಳು ತಡೆದು ಮೊದಲಿನಿಂದ ಹೇಳಿಸುತ್ತಿದ್ದಳು. ಹಿಂದೆ ತಾನು ರೇಮಂಡನಿಗೆ ಹೇಳಿಕೊಟ್ಟದ್ದನ್ನೇ ಈ ದಿನಗಳಲ್ಲಿ ಅವನಿಗೂ ಕಲಿಸಿದ್ದಳು; ರೇಮಂಡ್ ಮಗನಿಗೆ ಹೇಳಿಕೊಡಬೇಕೆಂದಿದ್ದದ್ದು ಅದು. ಇಷ್ಟು ಚಿಕ್ಕವನ ತಲೆಗೆ ಅದೆಲ್ಲ ಬೇಡವೆಂದು ಭವ್ಯಾ ತಡೆದಿದ್ದಳು.

“ಎಂತ ಪಾಠ ಅಕ್ಕ ಅದು? ಬೈಬಲ್ಲಾ?” ದಿನೇಶ ಕೇಳಿದ.

“ಅಲ್ಲ. ಪೊಲೀಸ್ ಹಿಡಿದ್ರೆ ಸಾಯದೆ ಇರೋದು ಹೆಂಗೆ ಅಂತ.”

“ಎಂತ?”

“ಕೈ ಜೇಬಿಗೆ ಹಾಕ್ಬಾರ್ದು. ಓಡ್ಬಾರ್ದು. ತಪ್ಪು ಮಾಡಿಲ್ಲ ಅಂದ್ರೂ ವಾದ ಮಾಡ್ಬಾರ್ದು. ಹೊಡೆದ್ರೂ ಕೈ ಎತ್ಬಾರ್ದು, ಮನೆಗೆ ಬಂದ್ಮೇಲೆ ಅಳ್ಬೇಕು. ಅಲ್ಲಿ ಇವನಂಥ ಮಕ್ಕಳಿಗೆಲ್ಲ ಹೇಳ್ಕೊಡ್ತಾರೆ ದಿನೇಶ. ಎಲ್ಲಾ ಮನೇಲೂ.”

ಕಾರು ರಸ್ತೆಯ ಪಕ್ಕಕ್ಕೆ ಸರಿದು ನಿಂತಿತು. ದಿನೇಶ ಸ್ಟಿಯರಿಂಗಿನ ಮೇಲೆ ತಲೆಯಿಟ್ಟ. ಅವನ ಬೆನ್ನು ಅಲುಗುತ್ತಿತ್ತು.

“ಬಿಟ್ಟು ಹೋಗು ಅಕ್ಕ ಅವ್ನನ್ನ… ಇಲ್ಲೇ ಇರ್ಲಿ… ನಾನು ಇನ್ಮೇಲೆ… ಯಾರು ಎಂತ ಅಂದ್ರೂ ನಾನು…”

ಲೊರೇನ್ ಪ್ರಶ್ನಾರ್ಥಕವಾಗಿ ಸೊಸೆಯನ್ನು ನೋಡಿದಳು. ಭವ್ಯಾ ತಲೆಯಾಡಿಸಿದಳು. ಇದನ್ನು ಅವಳು ಯಾವ ಭಾಷೆಗೆ ತಿರುಗಿಸಬೇಕಿತ್ತು? ತಮ್ಮನ ಮೇಲೆ ಅವಳಿಗೆ ಸಿಟ್ಟು ಬಂತು, ಕನಿಕರ ಬಂತು, ಮತ್ತೆ ಸಿಟ್ಟೇ ಬಂತು. ಇಷ್ಟು ತಡವಾಗಿಯೇ ಏಕೆ ಅರ್ಥವಾಗಬೇಕು ಈ ಜನಕ್ಕೆ!

“ಮಾವ,” ಎಂದ ಐಸಾಕ್. “ಗಾಡಿ ಬಿಡಿ. ಟ್ರೈನ್ ಹೋಗ್ತದೆ.”

ದಿನೇಶ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಗಾಡಿ ಚಾಲೂ ಮಾಡಿದ. ಕಾರು ಆಯನೂರಿಗೆ ಬಂತು. ಊರು ದಾಟಿ ರಸ್ತೆ ನೇರವಾದ ಮೇಲೆ ಅವನು ಕನ್ನಡಿಯಲ್ಲಿ ಹುಡುಗನ ಮುಖ ನೋಡಿದ.

“ದುಗ್ಗಾ, ಅದೇನೋ ಹೇಳ್ತಿದ್ಯಲ್ಲ… ನಂಗೊಂದ್ಸಲ ಹೇಳು. ತಪ್ದೇ ಹೇಳ್ತೀಯಾ ನೋಡ್ತೀನಿ.”

ಐಸಾಕ್ ನೆಟ್ಟಗೆ ಕೂತ. ಎರಡು ಕೈಗಳನ್ನೂ ಮುಂದಿನ ಸೀಟಿನ ಬೆನ್ನಿನ ಮೇಲೆ ಬೆರಳು ಬಿಡಿಸಿ ಇಟ್ಟ.

“ಕೈ ಎರಡೂ ಅವ್ರಿಗೆ ಕಾಣೋ ಹಂಗೆ ಇಡ್ಬೇಕು,” ಎಂದು ಶುರು ಮಾಡಿದ. “ಹೆಸ್ರು ಕೇಳಿದ್ರೆ ಮೆಲ್ಲಗೆ, ಪೂರ್ತಿ ಹೆಸ್ರು ಹೇಳ್ಬೇಕು…”